ಮುಂದಿನ ಗಾಜಿನ ರಬ್ಬರು

ಮೂವತ್ತು ವರ್ಷದ ಹಿಂದೆ ಕಾರು ನಾಲೆಗೆ ಉರುಳಿದಾಗ ರಾಯರು ಒಬ್ಬರೇ ಈಜಿ ದಡ ಸೇರಿದ್ದರು. ಬಿದ್ದ ಏಟಿಗೇ ಹೆಂಡತಿಯ ಪ್ರಾಣ ಹೋಗಿತ್ತೆಂದು ಕಂಡಕಂಡವರಿಗೆಲ್ಲ ಹೇಳಿ ಹೇಳಿ, ಕೊನೆಗೆ ತಾವೂ ಅದನ್ನೇ ನಂಬಿದ್ದರು. ಆ ಧೈರ್ಯದ ಮೇಲೆಯೇ ಈಗ ಅದೇ ಕಾರನ್ನು ರಿಪೇರಿಗೆ ತಂದದ್ದು.

ಮುಂದಿನ ಗಾಜಿನ ಸುತ್ತ ಕಲ್ಲಾಗಿ ಕೂತಿದ್ದ ರಬ್ಬರನ್ನು ಮೆಕ್ಯಾನಿಕ್ ಚೂರುಚೂರಾಗಿ ಎಬ್ಬಿಸುತ್ತಿದ್ದ. ಎಡಮೂಲೆಗೆ ಬಂದವನು ಕೈ ನಿಲ್ಲಿಸಿದ.

“ಇದಕ್ಕೆ ಮೊದಲು ಯಾರಾದ್ರೂ ಕೈ ಹಾಕಿದ್ರಾ ಸಾರ್?”

“ನಾಲೆಯಿಂದ ಎತ್ತಿದ ಮೇಲೆ ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲಪ್ಪ. ಯಾಕೆ?”

ಅವನು ರಬ್ಬರಿನ ಸಂದಿಯಿಂದ ತುಕ್ಕು ಹಿಡಿದ ಹೇರ್‌ಪಿನ್ ಒಂದನ್ನು ಎಳೆದು ತೋರಿಸಿದ.

“ಯಾರೋ ಒಳಗಡೆಯಿಂದ ಇದರಲ್ಲಿ ಮೀಟಿ ಗಾಜು ಬಿಚ್ಚೋಕೆ ನೋಡಿದಾರೆ. ಅರ್ಧದವರೆಗೂ ಬಿಚ್ಚಿದಾರೆ ಸಾರ್.”