ಚರ್ಚಿನ ಬಾಣಂತಿ ಕೋಣೆ

ಐಮಂಗಲದ ಪಕ್ಕದ ಹಟ್ಟಿಯಲ್ಲಿ, ಹೆತ್ತು ಬಂದ ದೀಪಾಳನ್ನೂ ಕೂಸನ್ನೂ ಹೊರಗಿನ ಗುಡಿಸಲಿಗೆ ಹಾಕಿದರು. ಬಾಣಂತಿ ಹಟ್ಟಿಯೊಳಗಿದ್ದರೆ ದೇವರಿಗೆ ಮೈಲಿಗೆ. ಚಳಿಗೆ ಕೂಸು ಸತ್ತಿತು. ಗುಡಿಸಲಿನಿಂದ ಕೂಸಿನ ಅಜ್ಜನ ಮನೆ ಒಂದು ಕೂಗಿನ ದೂರ. ಅಜ್ಜ ಹೋಗಿ ನೋಡಲಿಲ್ಲ.

ಅದಾದ ತಿಂಗಳಿಗೆ ಕ್ರಿಸ್‌ಮಸ್ ಹತ್ತಿರ ಬಂತು. ಹೆದ್ದಾರಿ ಬದಿಯ ಚರ್ಚು ಪ್ರತಿ ವರ್ಷ ಊರಿಗೆ ಕೇಕು, ಹೊದಿಕೆ ಹಂಚುತ್ತಿತ್ತು. ಈ ಸಲ ಪಾಸ್ಟರ್ ಗೋವರ್ಧನನ ಹೆಂಡತಿ ಅನುಪಮಾ ಹಟ್ಟಿಯ ಹೆಂಗಸರನ್ನೇ ಕೇಳಿದಳು, ನಿಮಗೇನು ಬೇಕು ಅಂತ.

"ಗಾಳಿ ನುಗ್ಗದಂಥ ನಾಕು ಗೋಡೆ," ಎಂದಳು ತುಂಬು ಬಸುರಿ ಯಶೋದಾ.

ಚರ್ಚಿನಲ್ಲಿ ಮೈಕು, ಮುರುಕು ಕುರ್ಚಿಗಳನ್ನು ತುಂಬಿದ್ದ ಕೋಣೆ ಖಾಲಿಯಾಯಿತು. ಮಂಚ ಬಂತು. ಬಿಸಿನೀರಿನ ಒಲೆ ಬಂತು. ಯಶೋದಾ ಹಿರಿಯೂರಿನ ಆಸ್ಪತ್ರೆಯಲ್ಲಿ ಹೆತ್ತು, ಬಸ್ಸಿಳಿದವಳೇ ಕೂಸನ್ನು ಅವುಚಿಕೊಂಡು ನೇರ ಇಲ್ಲಿಗೆ ಬಂದಳು.

ಕ್ರಿಸ್‌ಮಸ್ ದಿನ ಹೊತ್ತು ಇಳಿಯುವಾಗ ಹಟ್ಟಿಯ ಗಂಡಸರು ದೊಣ್ಣೆ ಹಿಡಿದು ಬಂದರು.

ಬಿದಿರಿನ ನಕ್ಷತ್ರವನ್ನು ಕಿತ್ತು ತುಳಿದರು. ಊರಿಗೆಂದು ಬೇಯಿಸಿದ್ದ ಪಲಾವಿನ ಹಂಡೆಯನ್ನು ಒದ್ದು ಉರುಳಿಸಿದರು. ಅಡ್ಡ ಬಂದ ಗೋವರ್ಧನನ ತೋಳು ಮುರಿದರು. ಮೂಳೆಯ ಸದ್ದು ಅಂಗಳದ ಆಚೆಗೂ ಕೇಳಿಸಿತು. ಅನುಪಮಾಳನ್ನು ಜಡೆ ಹಿಡಿದು ಚೆಲ್ಲಿದ ಬಿಸಿ ಅನ್ನದ ಮೇಲೆಯೇ ಎಳೆದರು.

ಬಾಣಂತಿ ಕೋಣೆಯ ಬಾಗಿಲಲ್ಲಿ ಮಾತ್ರ ಒಬ್ಬ ಮುದುಕ ಕೊಡಲಿ ಹಿಡಿದು ನಿಂತಿದ್ದ. ಸಣ್ಣಪ್ಪ. ಬೆಳಗ್ಗೆಯೇ ಬರಿಗಾಲಲ್ಲಿ ಬಂದಿದ್ದ. ಅನುಪಮಾ ಕುರ್ಚಿ ಹಾಕಿದರೆ ಕೂರಲಿಲ್ಲ. ಊಟ ತಂದರೆ ಮುಟ್ಟಲಿಲ್ಲ, ತಾನು ತಂದ ಚೊಂಬಿನ ನೀರನ್ನಷ್ಟೇ ಕುಡಿದ. "ಚಳಿ ಐತೆ, ಒಳಗೆ ಬರ್ರಿ ಅಜ್ಜ" ಎಂದಾಗ ಹೊಸಿಲನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಿದ್ದ.

"ನಮ್ಮಂಥೋರು ಬರಂಗಿಲ್ಲ ತಾಯಿ."

ಯಶೋದಾಳ ಗಂಡ ರಂಗೇಶ್ ಬಾಗಿಲೆದುರು ನಿಂತು ಕಿರುಚಿದ. "ಲೇ ಯಶೋದಾ, ಹೊರಗೆ ಬಾ! ಏಸಪ್ಪ ಬಂದು ನಿನ್ನ ಬಾಣಂತನ ಮಾಡ್ತಾನೇನೆ?"

"ನೀನು ಮಾಡಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?" ಒಳಗಿನಿಂದ ದನಿ ಬಂತು.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ರಂಗೇಶನ ಮುಖ ಕಪ್ಪಿಟ್ಟಿತು. "ಒಡೀರಿ ಬಾಗ್ಲ!"

ಸುದೀಪ ಎಂಬುವವನು ಸಣ್ಣಪ್ಪನನ್ನು ಪಕ್ಕಕ್ಕೆಳೆಯಲು ಕೈ ಚಾಚಿದ.

"ಲೇ, ಮುಟ್ಟಬ್ಯಾಡ!" ಹಟ್ಟಿಯ ಯಜಮಾನ ಚಿತ್ರಲಿಂಗಪ್ಪ ಹಿಂದಿನಿಂದ ಚೀರಿದ. "ಮುಟ್ಟಿದ್ರೆ ನಿನ್ನ ಹಟ್ಟಿ ಒಳಕ್ಕೆ ಸೇರ್ಸಲ್ಲ!"

ಸುದೀಪ ಕೆಂಡ ತಾಗಿದವನಂತೆ ಕೈ ಎಳೆದುಕೊಂಡ.

ದೂರದಿಂದ ಕಿಟಕಿಗೆ ಕಲ್ಲು ತೂರತೊಡಗಿದರು. ಕಿಟಕಿಯ ಗಾಜು ಪುಡಿಯಾಯಿತು. ಒಳಗೆ ಕೂಸು ಬೆಚ್ಚಿ ಅತ್ತಿತು. ಸಣ್ಣಪ್ಪ ಕೊಡಲಿಯನ್ನು ಬಿಗಿ ಹಿಡಿದ. ಆದರೂ ಆತ ತಿರುಗಿ ನೋಡಲಿಲ್ಲ. ಗುರಿ ತಪ್ಪಿದ ಕಲ್ಲೊಂದು ಅವನ ಹಣೆ ಸೀಳಿತು. ರಕ್ತ ಕಣ್ಣಿಗಿಳಿಯಿತು. ಕಲ್ಲು ಹಿಡಿದ ಕೈಗಳೆಲ್ಲ ಕೆಳಗಿಳಿದವು. ಎಸೆದವನು ತನ್ನ ಕೈಯನ್ನೇ ನೋಡುತ್ತ ನೆಲಕ್ಕೆ ಕುಸಿದ.

ಅಷ್ಟರಲ್ಲೇ ರಂಗೇಶ್ ತಲೆ ತಗ್ಗಿಸಿ ಬಾಗಿಲಿಗೆ ನುಗ್ಗಿದ. ಕೊಡಲಿಯ ಹಿಂಬದಿ ಅವನ ಭುಜಕ್ಕೆ ಬಿತ್ತು. ಮೆಟ್ಟಿಲಿನಿಂದ ಉರುಳಿ ಬಿದ್ದು ಹೊರಳಾಡುತ್ತ ಕೂಗಿದ.

"ಹೊಡೀರಲೇ ಅವನ್ನ! ನೋಡ್ತಾ ನಿಂತೀರಲ್ಲ!"

ಪಾಸ್ಟರನ ತೋಳು ಮುರಿದ ದೊಣ್ಣೆಗಳಲ್ಲಿ ಒಂದೂ ಮೇಲೇಳಲಿಲ್ಲ.

ಹೊತ್ತು ಮುಳುಗುತ್ತಿತ್ತು. ಚಿತ್ರಲಿಂಗಪ್ಪ ಗುಂಪು ಸೀಳಿ ಮುಂದೆ ಬಂದ. ಚಪ್ಪಲಿ ಬಿಟ್ಟ. ಕೈ ಮುಗಿದ.

"ಸಾಕ್ರಿ ಪೂಜಾರಪ್ಪ. ದೇವರ ದೀಪದ ಹೊತ್ತಾತು. ನೀವು ಹಚ್ಚದಿದ್ರೆ ಇನ್ಯಾರೂ ಹಚ್ಚಂಗಿಲ್ಲ. ಸೊಸೆ ದೀಪಾನ ಕೂಸು ಗುಡಿಸಲಾಗೆ ಅತ್ತು ಅತ್ತು ಸತ್ತಾಗ್ಲೂ ಆ ಕಡೆ ತಿರುಗದೆ ಮಡಿ ಉಳಿಸಿದೋರು ನೀವು. ಇವತ್ತು ಯಾರದೋ ಕೂಸಿಗೆ ಕೆಡಿಸ್ಕಬ್ಯಾಡ್ರಿ. ಆ ಹೊಸಿಲು ತುಳೀಬ್ಯಾಡ್ರಿ. ನಡೀರಿ ಗುಡಿಗೆ."

ಸಣ್ಣಪ್ಪ ಕೊಡಲಿ ಕೆಳಗಿಟ್ಟ. ಹೊಸಿಲು ದಾಟಿ ಒಳಗೆ ಹೋದ. ಯಶೋದಾಳ ಕೂಸನ್ನು ರಕ್ತ ಮೆತ್ತಿದ ಎದೆಗೆ ಎತ್ತಿಕೊಂಡು ಮತ್ತೆ ಬಾಗಿಲಿಗೆ ಬಂದು ನಿಂತ.

"ಹಚ್ಚಲ್ಲ," ಎಂದ.