ಅಕ್ಕ ಕೊಟ್ಟ ಕಿಡ್ನಿ, ಬೆನ್ನ ಮೇಲಿನ ಗಂಟು

ಚಂದ್ರಮೌಳಿಗೆ ನಲವತ್ತಾರು ವರ್ಷ. ತಿಪಟೂರಿನಲ್ಲಿ ವಾಚ್ ರಿಪೇರಿ ಅಂಗಡಿ.

ಆರು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟಾಗ, ಅಕ್ಕ ಸರ್ವಮಂಗಳ ತನ್ನದೊಂದನ್ನು ಕೊಟ್ಟು ಬದುಕಿಸಿದ್ದಳು.

ಆ ಕಿಡ್ನಿಯನ್ನು ಹೊರಗಿನದೆಂದು ದೇಹ ತಳ್ಳಿಹಾಕಬಾರದಲ್ಲ... ಅದಕ್ಕೆ ದಿನಾ ಮಾತ್ರೆ. ಆದರೆ ಆ ಮಾತ್ರೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ.

ಈ ಆಷಾಢದಲ್ಲಿ ಅವನ ಬೆನ್ನ ಮೇಲೊಂದು ನೇರಳೆ ಬಣ್ಣದ ಗಂಟು ಎದ್ದಿತು. ನೋವಿಲ್ಲ, ತುರಿಕೆಯಿಲ್ಲ... ಮೂರೇ ವಾರದಲ್ಲಿ ನಿಂಬೆಹಣ್ಣಿನಷ್ಟಾಯಿತು.

ಊರಿನ ಡಾಕ್ಟರು ನೋಡಿದವರೇ, "ಕಿಡ್ನಿ ಹಾಕಿದ ಬೆಂಗಳೂರಿನ ಡಾಕ್ಟರಿಗೆ ನಾಳೇನೇ ತೋರಿಸಿ. ಆ ಮಾತ್ರೆ ಕಡಿಮೆ ಮಾಡಬೇಕಾಗಬಹುದು" ಎಂದರು.

ಅಷ್ಟೇ ಸಾಕಾಯಿತು. ಮಾತ್ರೆ ಕಡಿಮೆ ಮಾಡಿ, ಅಕ್ಕನ ಕಿಡ್ನಿಯೇ ಹೋದರೆ...?

ಆಸ್ಪತ್ರೆಯ ಕಡೆ ಅವನು ತಲೆಯೇ ಹಾಕಲಿಲ್ಲ. ಊರವರ ವಾಚಿನಲ್ಲಿ ಸಾಸಿವೆಯಷ್ಟು ತುಕ್ಕು ಕಂಡರೂ ಬಿಡದ ಮಹಾನುಭಾವ, ತನ್ನ ಬೆನ್ನಿನ ಗಂಟನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡ!

ನಾಗರ ಪಂಚಮಿ ಬಂತು.

ನಮ್ಮ ಕಡೆ ಅವತ್ತು ಅಕ್ಕತಂಗಿಯರು ಒಡಹುಟ್ಟಿದವನ ಬೆನ್ನಿಗೆ ಹೂವಿನಿಂದ ಹಾಲು ಹಚ್ಚಿ, ತಣ್ಣಗಿರು ಎಂದು ಹರಸುತ್ತಾರೆ. ಅಕ್ಕ ಅರಸೀಕೆರೆಯಿಂದ ಬೆಳಗಿನ ರೈಲಿಗೆ ಬಂದಿಳಿದಳು.

"ಅಂಗಿ ತೆಗಿಯೋ ಮೌಳಿ."

"ಈ ವರ್ಷ ಬ್ಯಾಡ ಕಣಕ್ಕ... ನೆಗಡಿ ಆಗೈತೆ. ಅಂಗಿ ಮೇಲೇನೆ ಹಚ್ಚಿಬಿಡು."

"ಅಂಗಿಗೆ ಹಾಲು ಹಚ್ಚಕ್ಕೆ ಅಷ್ಟು ದೂರದಿಂದ ಬಂದ್ನಾ? ಅದೇನು ನನ್ನ ತಮ್ಮನಾ?"

ಎನ್ನುತ್ತಲೇ ಅವಳೇ ಅಂಗಿ ಎತ್ತಿದಳು... ಹೂವು ಹಿಡಿದ ಕೈ ಅಲ್ಲೇ ನಿಂತಿತು.

ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. "ನೀನು ಕೊಟ್ಟಿದ್ದನ್ನ ನಾನು ಹೆಂಗೆ ಕಳಕೊಳ್ಳಲಕ್ಕ?"

ಅಕ್ಕ ಬೈಯಲಿಲ್ಲ, ಅಳಲಿಲ್ಲ. ಗಂಟು ಬಿಟ್ಟು ಅದರ ಸುತ್ತ ಮೆಲ್ಲಗೆ ಹಾಲು ಹಚ್ಚುತ್ತ ಹೇಳಿದಳು...

"ದಡ್ಡ... ಕಿಡ್ನಿ ಉಳೀಲಿ ಅಂತ ನಿಂಗೆ ಕೊಟ್ನಾ? ನೀನು ಉಳೀಲಿ ಅಂತ ಕೊಟ್ಟೆ. ಅದು ಹೋದ್ರೆ ಹೋಗ್ಲಿ. ನೀನೇ ಹೋದ್ರೆ ನಾನು ಯಾರ ಬೆನ್ನಿಗೆ ಹಾಲು ಹಚ್ಚಲಿ?"

ನಲವತ್ತಾರರ ತಮ್ಮ ಮಗುವಿನ ಹಾಗೆ ಅತ್ತುಬಿಟ್ಟ.

ಹಬ್ಬಕ್ಕೆ ಮಾಡಿದ ಕಡುಬನ್ನು ಡಬ್ಬಿಗೆ ಹಾಕಿಕೊಂಡು ಇಬ್ಬರೂ ಅವತ್ತೇ ಬೆಂಗಳೂರಿನ ರೈಲು ಹತ್ತಿದರು.

ಪರೀಕ್ಷೆಯಲ್ಲಿ ಗೊತ್ತಾಯಿತು... ಚರ್ಮದ ಲಿಂಫೋಮಾ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅಪರೂಪಕ್ಕೆ ಬರುವ, ಬಲು ಬೇಗ ಬೆಳೆಯುವ ಕ್ಯಾನ್ಸರ್.

"ಸದ್ಯ, ಒಳಗೆ ಹರಡಿಲ್ಲ. ಇನ್ನೊಂದು ತಿಂಗಳು ಬಿಟ್ಟಿದ್ರೆ ಕಷ್ಟ ಆಗ್ತಿತ್ತು" ಎಂದರು ಡಾಕ್ಟರು. ಮಾತ್ರೆಯನ್ನು ತಾವೇ ಅಳೆದು ಕಡಿಮೆ ಮಾಡಿದರು, ಕೀಮೋ ಶುರುವಾಯಿತು.

ಈಗ ಗಂಟು ಕರಗಿದೆ. ಕಿಡ್ನಿ ಸ್ವಲ್ಪ ಸೋತಿದೆ, ಆದರೂ ಕೆಲಸ ಮಾಡುತ್ತಿದೆ.

ಪ್ರತಿ ತಿಂಗಳು ರಿಪೋರ್ಟ್ ಬಂದಾಗ ಅವನು ಫೋನ್ ಮಾಡಿ ನಂಬರು ಓದಲು ಶುರುಮಾಡುತ್ತಾನೆ. ಅಕ್ಕ ತಡೆಯುತ್ತಾಳೆ...

"ಕಿಡ್ನಿ ಸುದ್ದಿ ಆಮೇಲೆ ಹೇಳು. ನೀನು ಹೆಂಗಿದೀಯ?"

ಪ್ರೀತಿಯಿಂದ ಕೊಟ್ಟವರಿಗೆ, ಕೊಟ್ಟದ್ದಕ್ಕಿಂತ ನೀವೇ ಮುಖ್ಯ.

ಮನೆಯವರು ನೊಂದುಕೊಳ್ಳುತ್ತಾರೆಂದು ನೀವು ಯಾವ ನೋವನ್ನು ಮುಚ್ಚಿಟ್ಟಿದ್ದೀರಿ...? ಇವತ್ತೇ ಹೇಳಿಬಿಡಬಾರದೇ?