ಕನ್ನಡಿಗೆ ಅಂಟಿಸಿದ್ದ ಚಿತ್ರ

ತನ್ನ ಅತ್ತಿಗೆಯ ಕೂದಲನ್ನು ಅರ್ಧ ಕತ್ತರಿಸಿದ್ದ ಪಾರ್ಲರಿನವಳು ಕತ್ತರಿ ಕೆಳಗಿಟ್ಟು, ಕನ್ನಡಿಗೆ ಅಂಟಿಸಿದ್ದ ಕೇಶವಿನ್ಯಾಸದ ಚಿತ್ರವನ್ನು ಉಗುರಿನಿಂದ ಎಬ್ಬಿಸಿ ಪರ್ರನೆ ಕಿತ್ತಳು. ಕುರ್ಚಿಯ ಹಿಂದೆ ನಿಂತಾಗ ತನ್ನ ಮುಖ ಕಾಣುವ ಜಾಗಕ್ಕೇ ಸರಿಯಾಗಿ ಅವಳು ಅಂಟಿಸಿಕೊಂಡಿದ್ದ ಚಿತ್ರ ಅದು. ವರ್ಷಗಟ್ಟಲೆ ಊರಿನವರ ಮುಖವನ್ನೆಲ್ಲ ತಿದ್ದುತ್ತ, ತನ್ನದನ್ನು ಮಾತ್ರ ಅದರ ಹಿಂದೆ ಬಚ್ಚಿಟ್ಟಿದ್ದಳು.

"ಅದ್ಯಾಕೆ ಕಿತ್ತೆ?" ಎಂದರು ಅತ್ತಿಗೆ. ಗದ್ದದ ಆಪರೇಷನ್ ಮಾಡಿಸಿಕೋ ಎಂದು ಅವಳ ತಲೆ ತಿಂದು, ಡಾಕ್ಟರ ಹತ್ತಿರ ಕರೆದೊಯ್ದವರು ಅವರೇ. ಡಾಕ್ಟರು ಮಾತ್ರ, ಮೊದಲು ಮನಃಶಾಸ್ತ್ರಜ್ಞೆಯನ್ನು ಕಂಡು ಬನ್ನಿ ಎಂದು ಕಳಿಸಿದ್ದರು.

"ಆ ಮೇಡಂ ಕೊಟ್ಟ ಹೋಂವರ್ಕು. ಗಿರಾಕಿಯ ಮುಖ ನೋಡೋ ಹಾಗೆ ನನ್ನ ಮುಖ ನೋಡಿ, ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕಂತೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ಹಾಗಿಲ್ಲ." ಅವಳು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. "ಅಗಲ ಹಣೆ. ದಪ್ಪ ಹುಬ್ಬು. ಮುಂದಕ್ಕೆ ಚಾಚಿದ ಗದ್ದ."

"ನಾನು ಬಡ್ಕೊಂಡಿದ್ದೂ ಅದನ್ನೇ ಅಲ್ವಾ? ಆ ಗದ್ದ ಇಟ್ಕೊಂಡು..." ಅತ್ತಿಗೆ ಮುಖ ಸಿಂಡರಿಸಿ ಪಕ್ಕಕ್ಕೆ ತಿರುಗಿದರು.

ಪಾರ್ಲರಿನವಳು ಕತ್ತರಿ ಕೈಗೆತ್ತಿಕೊಂಡಳು. ಎರಡು ಬೆರಳಲ್ಲಿ ಅತ್ತಿಗೆಯ ಗದ್ದ ಹಿಡಿದು, ಮುಖವನ್ನು ಮತ್ತೆ ಕನ್ನಡಿಯತ್ತ ನೆಟ್ಟಗೆ ತಿರುಗಿಸಿದಳು. ಕನ್ನಡಿಯಲ್ಲಿ ಒಂದರ ಮೇಲೊಂದು ಎರಡು ಮುಖಗಳು ಕಂಡವು.

"ನೇರ ನೋಡಿ ಅತ್ತಿಗೆ. ಆಪರೇಷನ್ ಮಾಡಿಸೋದು, ಬಿಡೋದು ನನಗೆ ಬಿಡಿ. ಈಗ ನೀವು ಮುಖ ತಿರುಗಿಸಿದ್ರೆ ಸೊಟ್ಟಗಾಗೋದು ನಿಮ್ಮ ಕೂದಲೇ."